ಒಂದೇ ಸುತ್ತು

ತುಮಕೂರು, ರಾತ್ರಿ ಒಂಬತ್ತೂಕಾಲು.
ಬಿ.ಎಚ್. ರಸ್ತೆಯ ಲಾರಿಗಳಿಗೆ
ಎರಡನೇ ಮಹಡಿಯ ಗಾಜು ಸಣ್ಣಗೆ ನಡುಗುತ್ತದೆ.
ಜೆಲ್ಲಿನ ತಟ್ಟೆಯಲ್ಲಿ ತೊಂಬತ್ತು ವೋಲ್ಟು,
ನೀಲಿ ಬಣ್ಣ ಇಳಿಯುತ್ತಿದೆ
ಇರುವೆ ಸಾಲಿಗಿಂತ ನಿಧಾನ.

ಏನು ಹುಡುಕುತ್ತಿದ್ದೀ ಎಂದು ಕೇಳಿದರೆ
ಮುದ್ದುರಂಗಪ್ಪನಿಗೆ ಹೇಳಿದ್ದನ್ನೇ ಹೇಳಬೇಕು:
ಎರಡು ಉಂಗುರ. ಡಿಎನ್‌ಎಯವು.
ಒಂದರೊಳಗೊಂದು ಕೋದಿರಬೇಕು,
ಒಂದಕ್ಕೊಂದು ಅಂಟಿರಬಾರದು.

"ಅಂಟಿಲ್ದೆ ಹೆಂಗಮ್ಮ ಹಿಡ್ಕಂತಾವೆ?"
ಹಿಡಿಯುವುದಿಲ್ಲ. ಬಿಡಲು ದಾರಿಯಿಲ್ಲ, ಅಷ್ಟೆ.
ಅವನು ಸ್ವಲ್ಪ ಹೊತ್ತು ಯೋಚಿಸಿ
"ಓ, ನಂಟಸ್ತನ" ಅಂದು
ಕಸದ ಬುಟ್ಟಿ ಎತ್ತಿಕೊಂಡು ಹೋದ.

ಮಂಡಿಪೇಟೆಯಲ್ಲಿ ಸರಪಳಿ
ಅಡಿ ಲೆಕ್ಕದಲ್ಲಿ ಸಿಗುತ್ತದೆ.
ಕೊಂಡಿಯ ಬಾಯಿ ಬಿಡಿಸಿ, ತೂರಿಸಿ,
ಸುತ್ತಿಗೆಯಲ್ಲಿ ಒಂದೇಟು, ಮುಗಿಯಿತು.
ನನ್ನ ಕೊಂಡಿಗೆ ಏಟು ಹಾಕುವ ಕೈ ಎಲ್ಲಿದೆ?
ಎಳೆಯ ಮೇಲೆ ಅಕ್ಷರ ಬರೆದು ಬಿಡುತ್ತೇನೆ,
ಎ ಕಂಡರೆ ಟಿ, ಜಿ ಕಂಡರೆ ಸಿ,
ತಾವೇ ಗುರುತು ಹಿಡಿದು ಸುತ್ತಿಕೊಳ್ಳಲಿ ಎಂದು.
ಎರಡು ತುದಿಗಳನ್ನು ಎದುರುಬದುರು ಕೂರಿಸಲು
ಮತ್ತೊಂದು ಪುಟ್ಟ ಎಳೆ ಬೇಕು, ಮದುವೆ ದಲ್ಲಾಳಿಯ ಹಾಗೆ.
ಬೆಸುಗೆ ಬಿದ್ದ ಮೇಲೆ
ಊಟಕ್ಕೂ ನಿಲ್ಲದೆ ಹೊರಟುಬಿಡಬೇಕು ಅದು.

ಐದು ತಿಂಗಳು.
ಮೊದಲ ಸಲ ಉಂಗುರವೇ ಮುಚ್ಚಲಿಲ್ಲ.
ಆಮೇಲೆ ಮುಚ್ಚಿದವು, ಪಕ್ಕಪಕ್ಕದಲ್ಲಿ,
ಬಸ್ಸಿನ ಒಂದೇ ಸೀಟಿನ ಅಪರಿಚಿತರಂತೆ.
ಒಮ್ಮೆ ಕರೆಂಟು ಹೋಗಿ, ಯುಪಿಎಸ್ಸು ಕೂಗಿ ಕೂಗಿ ಸತ್ತು,
ಫ್ರಿಜ್ಜಿನಲ್ಲಿದ್ದ ಎಂಟು ಸಾವಿರದ ಕಿಣ್ವ
ಬೆಳಗಾಗುವಷ್ಟರಲ್ಲಿ ಬರೀ ನೀರು.

ಆಷಾಢದಲ್ಲಿ ಕೊನೆಗೂ ಕೋದುಕೊಂಡವು.
ತೊಂಬತ್ತೈದು ಡಿಗ್ರಿಗೆ ಕಾಯಿಸಿದೆ:
ಅಂಟಿಕೊಂಡಿದ್ದವೆಲ್ಲ ಕಳಚಿ ಓಡಿದವು,
ಒಂದು ಪಟ್ಟಿ ಮಾತ್ರ ಮೇಲೇ ಉಳಿಯಿತು, ಜಪ್ಪಯ್ಯ ಅನ್ನದೆ.
ನಾನು ಕುಣಿದೆ. ಇಂದ್ರಾಕ್ಷಿ ಮೇಡಮ್ ಕುಣಿಯಲಿಲ್ಲ.
"ಯಂತ್ರ ಅಂತೀಯ. ತಿರುಗುತ್ತಾ?"

ತಿರುಗಲಿಲ್ಲ.
ಅರವತ್ಮೂರು ಜೋಡಿ ಅಕ್ಷರ,
ಹತ್ತೂವರೆಗೆ ಒಂದು ಸುತ್ತಿನಂತೆ ಆರು ಸುತ್ತು.
ಎಲ್ಲಿ ಬಿಟ್ಟುಹೋಗುತ್ತವೋ ಎಂಬ ಭಯದಲ್ಲಿ
ನಾನೇ ಬರೆದ ಲೆಕ್ಕ.
ತಬ್ಬಿದ್ದೇ ತಬ್ಬಿದ್ದು,
ಉಸಿರಾಡಲೂ ಎಡೆ ಇಟ್ಟಿರಲಿಲ್ಲ.

ಮುದ್ದುರಂಗಪ್ಪ ನಿವೃತ್ತನಾದದ್ದು ಒಂದು ಶನಿವಾರ.
ಗೊಂಚಲಿನಿಂದ ತನ್ನ ಮನೆಯ ಕೀಲಿ ಬಿಡಿಸಿಕೊಂಡು
ಉಳಿದದ್ದನ್ನು ಒಪ್ಪಿಸಬೇಕು.
ಹೆಬ್ಬೆರಳ ಉಗುರು ಸೀಳಿದೆ, ಇಪ್ಪತ್ತೊಂಬತ್ತು ವರ್ಷ
ಅದೇ ಬಳೆಯ ಬಾಯಿ ಬಿಡಿಸಿ ಬಿಡಿಸಿ.
ಕೀಲಿಯನ್ನು ಒಂದು ಸುತ್ತು ದಬ್ಬಿದ. ಬರಲಿಲ್ಲ.
ಇನ್ನೊಂದು ಸುತ್ತು.
"ಬೆಸ್ದಿದ್ರೆ ಒಂದೇ ಸಾಕಿತ್ತು ಕಣಮ್ಮ,
ಆಗ ಇದು ಎಲ್ಲೋಗ್ತಿತ್ತು?"

ಮೇಜಿನ ಮೇಲೆ ಬಿದ್ದ ಗೊಂಚಲಲ್ಲಿ
ಕೀಲಿಗಳು ಬಳೆಯ ಉದ್ದಕ್ಕೂ ಜಾರಿದವು, ಝಲ್ಲೆಂದು,
ಯಾವುದೂ ಯಾವುದನ್ನೂ ಹಿಡಿದಿರಲಿಲ್ಲ.

ಆ ರಾತ್ರಿ ಐವತ್ತೆರಡು ಅಕ್ಷರ ಅಳಿಸಿದೆ.
ಹನ್ನೊಂದು ಉಳಿಸಿದೆ.
ಬೆಸುಗೆಯಾದ ಮೇಲೆ ಆ ಹನ್ನೊಂದರ ಹಿಡಿತವನ್ನೂ
ಬಿಡಿಸಲು ಬೇರೊಂದು ಎಳೆ,
ಅಂಚಿನಲ್ಲಿ ಕಾಲೂರಿ, ಒಂದೊಂದೇ ಬೆರಳು ಸಡಿಲಿಸುವಂಥದು.
ಆಮೇಲೆ ಅಂಟಿಲ್ಲ. ನಂಟುಂಟು.
ತಿರುಗಿದರೂ ತಿರುಗೀತು.

ಹತ್ತಾಯಿತು. ನೀಲಿ ಗೆರೆ ಇನ್ನೂ ಅರ್ಧ ತಟ್ಟೆಯಲ್ಲಿದೆ.
ಅವನು ಅವಸರದಲ್ಲಿ ಬಿಡಿಸಿಕೊಂಡು ಹೋದದ್ದು
ನಮ್ಮ ಸ್ಟೋರಿನ ಕೀಲಿ.
ಅವನ ಮನೆಯದು ನನ್ನ ಚೀಲದಲ್ಲಿದೆ.
ಕ್ಯಾತ್ಸಂದ್ರದಿಂದ ಬಂದು ಬದಲಾಯಿಸಿಕೊಳ್ತೀನಿ ಅಂತ
ಮೂರು ವಾರದಿಂದ ಫೋನು ಮಾಡುತ್ತಾನೆ.
ಅವನ ಹೆಂಡತಿಯ ಹತ್ತಿರ ಇನ್ನೊಂದು ಇದೆಯಂತೆ,
ಸ್ಟೋರಿನ ಬೀಗಕ್ಕೆ ಮೇಡಮ್ ಹತ್ತಿರ ಇನ್ನೊಂದು ಇದೆ.

ನಾನೂ ಅವಸರ ಮಾಡಿಲ್ಲ.